ಮಾಲ್ಗುಡಿಯ ಸಂಗೀತ ಯಾರದ್ದು?

ಮರವಂತೆ ಬೀಚಲ್ಲಿ ಚುರುಮುರಿ ತಿನ್ತಾ ಇದ್ದಾಗ ಪಕ್ಕದವರ ಮೊಬೈಲು ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೀರ್ಷಿಕೆ ರಾಗದಲ್ಲಿ ಹಾಡಿತು. ಸಂಗೀತ ಯಾರದ್ದು ಅಂತ ಕೇಳಿದೆ. "ಶಂಕರ್ ನಾಗ್ ಅಲ್ದಾ?" ಅಂದರು. ನಿರ್ದೇಶಕರು ಹೌದು, ರಾಗ ಕಟ್ಟಿದವರು ಎಲ್. ವೈದ್ಯನಾಥನ್.

ಪಿಟೀಲು ವಿದ್ವಾಂಸರಾದ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. ಜಿ.ಕೆ. ವೆಂಕಟೇಶರ ಬಳಿ ಪಳಗಿದವರು. 'ಅಪರಿಚಿತ' ಸಿನಿಮಾದ ಹಾಡುಗಳಿಂದ ಕನ್ನಡಿಗರಿಗೆ ಗೊತ್ತಿರಬೇಕಿತ್ತು, ಆದರೆ ಹಾಡು ನೆನಪಿರುತ್ತದೆ, ಹೆಸರಲ್ಲ. 1987ರ 'ಪುಷ್ಪಕ ವಿಮಾನ'ದಲ್ಲಂತೂ ಮಾತೇ ಇಲ್ಲ, ಪಾತ್ರಗಳ ಒಳಗುಟ್ಟನ್ನೆಲ್ಲ ಹೇಳುವ ಕೆಲಸದಲ್ಲಿ ದೊಡ್ಡ ಪಾಲು ಇವರ ಸಂಗೀತದ್ದೇ.

ಮಾಲ್ಗುಡಿಯನ್ನೇ ತಗೊಳ್ಳಿ. ಆರ್.ಕೆ. ಲಕ್ಷ್ಮಣರ ಗೆರೆಚಿತ್ರಗಳ ಜೊತೆ ಬರುವ ಆ ಗುನುಗಿಗೆ ಪದವೇ ಇಲ್ಲ. ಹಾಗಾಗಿಯೇ ಹಿಂದಿ ಬಾರದ ಅಜ್ಜಿಗೂ ಅದು ನಮ್ಮದೇ ಊರಿನದ್ದು ಅನಿಸಿತು. ಊರು ದೂರವೂ ಅಲ್ಲ ಬಿಡಿ, ಚಿತ್ರೀಕರಣ ನಡೆದದ್ದು ಘಟ್ಟದ ಮೇಲಿನ ಆಗುಂಬೆಯಲ್ಲಿ.

ಸಿನಿಮಾ ಹಾಡಿಗೆ ಕ್ಯಾಸೆಟ್ ಇತ್ತು, ರೇಡಿಯೋ ಇತ್ತು. ದೂರದರ್ಶನದ ಹಿನ್ನೆಲೆ ಸಂಗೀತಕ್ಕೆ ಆ ಭಾಗ್ಯ ಎಲ್ಲಿ? ಕಂತು ಮುಗಿದರೆ ಅದೂ ಮುಗಿಯಿತು. 'ತಮಸ್', 'ಭಾರತ್ ಏಕ್ ಖೋಜ್'ಗಳಿಗೆ ದುಡಿದ ವನರಾಜ್ ಭಾಟಿಯಾ ಅವರ ಪಾಡೂ ಹೆಚ್ಚುಕಮ್ಮಿ ಇದೇ.

ವೈದ್ಯನಾಥನ್ 2007ರಲ್ಲಿ ತೀರಿಕೊಂಡರು. ಇವತ್ತು ರಾತ್ರಿ 'ಮಾಲ್ಗುಡಿ ಡೇಸ್'ನಲ್ಲಿ ಹುಡುಗ ಸ್ವಾಮಿಯ ಕಥೆ ಇರುವ ಯಾವುದಾದರೂ ಒಂದು ಕಂತು ಹಾಕಿ, ಶೀರ್ಷಿಕೆ ಮುಗಿದ ಮೇಲೂ ಸ್ವಲ್ಪ ಕಿವಿಗೊಟ್ಟು ನೋಡಿ. ಸ್ವಾಮಿ ಸುಮ್ಮನೆ ನಿಂತಿರುವಾಗ ಹಿಂದೆ ಏನು ನುಡಿಯುತ್ತಿದೆ, ಕಾಮೆಂಟಲ್ಲಿ ಹೇಳಿ.