ಹನ್ನೆರಡು ಬಾರ್‌ಗಳ ಆವರ್ತ

ನಾಲ್ಕು ಎಣಿಕೆಗಳಿಗೆ ಒಂದು ಬಾರ್, ಅಂಥ ನಾಲ್ಕು ಬಾರ್‌ಗಳಿಗೆ ಒಂದು ಸಾಲು, ಅಂಥ ಮೂರು ಸಾಲುಗಳಿಗೆ ಒಂದು ಆವರ್ತ: ಬ್ಲೂಸ್ ಎಂಬ ಸಂಗೀತರೂಪದ ಚೌಕಟ್ಟು ಇಷ್ಟೇ. ನಿಮಿಷಕ್ಕೆ 120 ಎಣಿಕೆಗಳ ಮಧ್ಯಮ ಗತಿಯಲ್ಲಿ ನುಡಿಸಿದರೆ 48 ಎಣಿಕೆಗಳ ಈ ಆವರ್ತ, ಜಾಝ್ ವಾದಕರು ಕೋರಸ್ ಎಂದು ಕರೆಯುವ ಘಟಕ, 24 ಸೆಕೆಂಡುಗಳಲ್ಲಿ ಮುಗಿದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಅಸಂಖ್ಯ ವಾದಕರು ಓಡಾಡಿದ್ದರೂ ಅದು ಸವೆದಿಲ್ಲ. ಮನೆಯ ಕೋಣೆಯೊಂದರಲ್ಲಿ ಗಿಟಾರ್ ಹಿಡಿದು ಕುಳಿತು, ಈ ಆವರ್ತದ ಮೇಲೆ ಆ ಕ್ಷಣಕ್ಕೆ ಹೊಳೆದ ಸ್ವರಗಳನ್ನು ನುಡಿಸಿ, ನುಡಿಸಿದ್ದನ್ನು ಮುದ್ರಿಸಿಕೊಂಡು ಕೇಳುವ ಹವ್ಯಾಸವು ಮೇಲ್ನೋಟಕ್ಕೆ ಒಂಟಿ ಮನುಷ್ಯನ ಕಾಲಕ್ಷೇಪದಂತೆ ಕಂಡರೂ, ಜಾಝ್ ಸಂಗೀತ ಬೆಳೆದುಬಂದ ದಾರಿಯನ್ನೇ ಚಿಕ್ಕ ಪ್ರಮಾಣದಲ್ಲಿ ಮತ್ತೆ ನಡೆಯುವ ಕ್ರಮ ಅದು. ಏಕೆಂದರೆ ಆ ಸಂಗೀತಕ್ಕೆ ಆರಂಭದಿಂದಲೂ ಧ್ವನಿಮುದ್ರಣವೇ ಪಾಠಶಾಲೆ.

ಬ್ಲೂಸ್ ರೂಪುಗೊಂಡದ್ದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗುಲಾಮಗಿರಿ ಕಾನೂನಿನ ಮಟ್ಟಿಗೆ ಕೊನೆಗೊಂಡ ಮೇಲಿನ ದಶಕಗಳಲ್ಲಿ, ಆಫ್ರಿಕನ್ ಮೂಲದ ಜನರ ದುಡಿಮೆಯ ಹಾಡು ಮತ್ತು ಚರ್ಚಿನ ಹಾಡುಗಳ ನಡುವಿನಿಂದ. ಡಬ್ಲ್ಯೂ. ಸಿ. ಹ್ಯಾಂಡಿ 1912ರಲ್ಲಿ ‘ಮೆಂಫಿಸ್ ಬ್ಲೂಸ್’ ಅನ್ನೂ 1914ರಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಅನ್ನೂ ಪ್ರಕಟಿಸಿದ ಮೇಲೆ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಈ ರೂಪಕ್ಕೆ ಕಾಗದದ ಮೇಲೆಯೂ ನೆಲೆ ಸಿಕ್ಕಿತು. ಹಾಡಿನ ನುಡಿಯಲ್ಲಿ ಸಾಮಾನ್ಯವಾಗಿ ಮೊದಲ ಸಾಲು ಒಂದು ಮಾತನ್ನು ಹೇಳುತ್ತದೆ, ಎರಡನೆಯದು ಅದನ್ನೇ ಮರಳಿ ಹೇಳುತ್ತದೆ, ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ. ಪ್ರತಿ ಸಾಲಿನ ನಾಲ್ಕು ಬಾರ್‌ಗಳಲ್ಲಿ ಕಂಠವು ಸುಮಾರು ಅರ್ಧವನ್ನಷ್ಟೇ ಬಳಸಿ ಉಳಿದರ್ಧವನ್ನು ವಾದ್ಯದ ಪ್ರತಿನುಡಿಗೆ ಬಿಟ್ಟುಕೊಡುತ್ತದೆ. ಹಾಡು ನಿಂತು ವಾದ್ಯವೊಂದೇ ಮಾತನಾಡತೊಡಗಿದಾಗಲೂ ಈ ಹಂಚಿಕೆ ಅಳಿಯಲಿಲ್ಲವಾದ್ದರಿಂದ, ಉತ್ತಮ ಬ್ಲೂಸ್ ವಾದನದಲ್ಲಿ ಕೇಳುವವನೂ ಹೇಳುವವನೂ ಒಬ್ಬನೇ ಆಗಿ, ಒಂದು ಸ್ವರವಾಕ್ಯದ ಬಳಿಕ ಅದರ ಉತ್ತರಕ್ಕಾಗಿ ಖಾಲಿ ಜಾಗ ಉಳಿದಿರುತ್ತದೆ.

ಈ ಆವರ್ತದ ಒಳಗಿನ ಚಲನೆಯನ್ನು ಕರ್ನಾಟಕ ಸಂಗೀತದ ಸ್ವರಸ್ಥಾನಗಳ ಮೂಲಕ ಗುರುತಿಸಿದರೆ ಕನ್ನಡದ ಕಿವಿಗೆ ಅದು ಬೇಗ ಹತ್ತಿರವಾಗುತ್ತದೆ. ಏಕಕಾಲಕ್ಕೆ ಮೊಳಗುವ ಮೂರು ಅಥವಾ ಹೆಚ್ಚು ಸ್ವರಗಳ ಗುಚ್ಛಕ್ಕೆ ಕಾರ್ಡ್ ಎಂದು ಹೆಸರು. ಬ್ಲೂಸ್‌ನ ಮೊದಲ ಕಾರ್ಡ್‌ನಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದಗಳಿರುತ್ತವೆ. ಐದನೆಯ ಬಾರ್‌ನಲ್ಲಿ ಮಧ್ಯಮದ ಮೇಲೆ ಕಟ್ಟಿದ ಕಾರ್ಡ್ ಬಂದಾಗ ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಷಡ್ಜ, ಸಾಧಾರಣ ಗಾಂಧಾರಗಳು ಕೂಡುತ್ತವೆ. ಒಂಬತ್ತನೆಯ ಬಾರ್‌ನ ಸುಮಾರಿಗೆ ಪಂಚಮದ ಕಾರ್ಡ್ ಕಾಕಲಿ ನಿಷಾದವನ್ನು ಹೊತ್ತು ಬಂದು ಕಿವಿಯನ್ನು ಮತ್ತೆ ಷಡ್ಜದ ಕಡೆಗೆ ತಳ್ಳುತ್ತದೆ. ಮೊದಲ ಕಾರ್ಡ್‌ನಿಂದ ಮಧ್ಯಮದ ಕಾರ್ಡ್‌ಗೆ ದಾಟುವಾಗ ಅಂತರ ಗಾಂಧಾರವು ಸಾಧಾರಣ ಗಾಂಧಾರಕ್ಕೂ, ಕೈಶಿಕಿ ನಿಷಾದವು ಚತುಶ್ರುತಿ ಧೈವತಕ್ಕೂ ಒಂದೊಂದೇ ಸ್ವರಸ್ಥಾನ ಇಳಿಯುತ್ತವೆ. ಗಿಟಾರ್‌ನಲ್ಲಿ ಇದು ಎರಡು ಬೆರಳುಗಳನ್ನು ಒಂದೇ ಮನೆ ಹಿಂದಕ್ಕೆ ಸರಿಸುವಷ್ಟು ಅಲ್ಪವಾದ ಕೆಲಸವಾದರೂ, ಆ ಅಲ್ಪ ಸರಿತಕ್ಕೆ ಇಡೀ ಆವರ್ತದ ಬಣ್ಣವನ್ನು ಬದಲಿಸುವ ಶಕ್ತಿಯಿದೆ. ತಂಬೂರಿಯ ಷಡ್ಜ ಕದಲದೆ ನಿಂತಿರುವ ನೆಲದ ಮೇಲೆ ರಾಗವನ್ನು ಹರಡುವ ಪದ್ಧತಿಗೆ ಪ್ರತಿಯಾಗಿ, ಇಲ್ಲಿ ಕಾಲ ಕೆಳಗಿನ ನೆಲವೇ ನಿಗದಿತ ಎಣಿಕೆಗೆ ಸರಿಯುತ್ತದೆ. ಮನೋಧರ್ಮದ ಪರೀಕ್ಷೆಯಿರುವುದು ಆ ಸರಿತವನ್ನು ಮೊದಲೇ ಊಹಿಸಿ ಸ್ವರವನ್ನು ಅದಕ್ಕೆ ಒಪ್ಪಿಸುವುದರಲ್ಲಿ. ಇದರ ಜೊತೆಗೆ ಎರಡು ಗಾಂಧಾರಗಳ ನಡುವೆ ಎಲ್ಲಿಯೂ ಪೂರ್ತಿ ನಿಲ್ಲದೆ ತೂಗುವ ಒಂದು ಸ್ವರವಿದೆ. ಬ್ಲೂ ನೋಟ್ ಎನಿಸಿಕೊಂಡ ಅದನ್ನು ಪಿಯಾನೊ ವಾದಕ ಎರಡು ಪಕ್ಕದ ಮನೆಗಳನ್ನು ಒತ್ತಿ ಸೂಚಿಸಬಲ್ಲನಷ್ಟೇ. ಗಿಟಾರ್ ವಾದಕನು ತಂತಿಯನ್ನು ಅಡ್ಡಕ್ಕೆ ಎಳೆದು ಅದನ್ನೇ ಮುಟ್ಟಬಲ್ಲ.

ಜಾಝ್ ವಾದಕರು ಈ ಮೂರು ಕಾರ್ಡ್‌ಗಳ ನಡುವೆ ಇನ್ನೂ ಮೆಟ್ಟಿಲುಗಳನ್ನು ಕಟ್ಟಿದರು. ಚಾರ್ಲಿ ಪಾರ್ಕರ್ 1951ರಲ್ಲಿ ಮುದ್ರಿಸಿದ ‘ಬ್ಲೂಸ್ ಫಾರ್ ಆಲಿಸ್’ನಲ್ಲಿ ಕಾರ್ಡ್‌ಗಳು ಹೆಚ್ಚಾಗಿ ಬಾರ್‌ಗೆ ಎರಡರಂತೆ ಸರಪಳಿಯಾಗಿ ಇಳಿಯುತ್ತ ಅದೇ ಹನ್ನೆರಡು ಬಾರ್‌ಗಳನ್ನು ಕಿಕ್ಕಿರಿದ ಬೀದಿಯನ್ನಾಗಿ ಮಾಡುತ್ತವೆ, ಡ್ಯೂಕ್ ಎಲಿಂಗ್ಟನ್‌ನ ‘ಸಿ ಜಾಮ್ ಬ್ಲೂಸ್’ನಲ್ಲಾದರೋ ಮುಖ್ಯ ಧಾಟಿಯಲ್ಲಿರುವುದು ಪಂಚಮ ಮತ್ತು ಷಡ್ಜ ಎಂಬ ಎರಡೇ ಸ್ವರಗಳು, ಉಳಿದದ್ದೆಲ್ಲ ಲಯದ ಕೆಲಸ. ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ವಾದಕನು ಪ್ರತಿ ಕೋರಸ್‌ಗೂ ಹೊಸದಾಗಿ ತೀರ್ಮಾನಿಸಬಹುದಾದ ಸ್ವಾತಂತ್ರ್ಯವೇ ಈ ಚೌಕಟ್ಟಿನ ದೀರ್ಘಾಯುಷ್ಯಕ್ಕೆ ಕಾರಣ.

ಗಿಟಾರ್ ಜಾಝ್‌ನ ಈ ಸಂಭಾಷಣೆಗೆ ತಡವಾಗಿ ಬಂದ ವಾದ್ಯ. ತುತ್ತೂರಿ, ಸ್ಯಾಕ್ಸೊಫೋನ್‌ಗಳ ಗದ್ದಲದಲ್ಲಿ ಅದರ ಬಿಡಿ ಸ್ವರ ಕೇಳಿಸುತ್ತಿರಲಿಲ್ಲವಾದ್ದರಿಂದ ಅದು ಬಹುಕಾಲ ಕಾರ್ಡ್‌ಗಳನ್ನು ಎಣಿಕೆಗೆ ಮೀಟುವ ಚಾಕರಿಯಲ್ಲೇ ಇತ್ತು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಅಳವಡಿಸಿದ ಗಿಬ್ಸನ್ ಇಎಸ್-150 ಗಿಟಾರ್ 1936ರಲ್ಲಿ ಬಂದಿತು. ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್‌ನ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್, ಸ್ಯಾಕ್ಸೊಫೋನ್ ವಾದಕನ ಉಸಿರಿನಷ್ಟು ಉದ್ದವಾದ ಸ್ವರವಾಕ್ಯಗಳನ್ನು ಗಿಟಾರ್‌ನಲ್ಲಿ ಹೆಣೆದು ತೋರಿಸಿ, 1942ರಲ್ಲಿ ಕೇವಲ 25ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಅವನ ನಂತರದ ಪೀಳಿಗೆಗೆ ಗುರು ಇಲ್ಲವಾದರೂ ಅವನ ಧ್ವನಿಮುದ್ರಿತ ತಟ್ಟೆಗಳಿದ್ದವು. ಇಂಡಿಯಾನಾಪೊಲಿಸ್‌ನ ವೆಸ್ ಮಾಂಟ್ಗೊಮೆರಿ ಆ ತಟ್ಟೆಗಳಿಂದ ಕ್ರಿಶ್ಚಿಯನ್‌ನ ವಾದನವನ್ನು ಸ್ವರಸ್ವರವಾಗಿ ಕಂಠಪಾಠ ಮಾಡಿದನು. ಮನೆಯಲ್ಲಿ ಸಾಧನೆ ಮಾಡುವಾಗ ಸದ್ದು ಇತರರಿಗೆ ತೊಂದರೆಯಾಗದಿರಲೆಂದು ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸಲ ಭಾಗದಿಂದ ಮೀಟತೊಡಗಿದನು. 1960ರಲ್ಲಿ ನ್ಯೂಯಾರ್ಕ್‌ನಲ್ಲಿ ಅವನು ಮುದ್ರಿಸಿದ ಆಲ್ಬಮ್‌ನ ‘ಡಿ-ನ್ಯಾಚುರಲ್ ಬ್ಲೂಸ್’ ಕೇಳಿದವರಿಗೆ, ಮನೆಯವರ ಮೇಲಿನ ದಾಕ್ಷಿಣ್ಯವು ಕಲೆಯ ಇತಿಹಾಸದಲ್ಲಿ ಎಂಥ ದುಂಡನೆಯ ನಾದವನ್ನು ಹುಟ್ಟಿಸಬಲ್ಲದೆಂಬುದು ಮನವರಿಕೆಯಾಗುತ್ತದೆ. ಮೊದಲು ಬಿಡಿ ಸ್ವರಗಳು, ಬಳಿಕ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಜೊತೆಯಾಗಿ ಮೀಟುವ ಆಕ್ಟೇವ್‌ಗಳು, ಕೊನೆಗೆ ಪೂರ್ಣ ಕಾರ್ಡ್‌ಗಳು ಎಂಬ ಅವನ ಮೂರು ಹಂತಗಳ ಏರಿಕೆ ಇಂದಿಗೂ ಗಿಟಾರ್ ಅಭ್ಯಾಸಿಗಳ ಮುಂದಿರುವ ಮಾದರಿ.

ಧ್ವನಿಮುದ್ರಣ ಮತ್ತು ಮನೆ ಎಂಬ ಎರಡು ಸಂಗತಿಗಳ ನಂಟೂ ಹೊಸದಲ್ಲ. 1941ರಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಕ್ರಿಶ್ಚಿಯನ್ ರಾತ್ರಿಗೋಷ್ಠಿಯಲ್ಲಿ ನುಡಿಸಿದ್ದನ್ನು ಉಳಿಸಿಕೊಟ್ಟವನು ಯಾವ ಕಂಪನಿಯ ತಂತ್ರಜ್ಞನೂ ಅಲ್ಲ, ಹೊತ್ತೊಯ್ಯಬಹುದಾದ ಯಂತ್ರವನ್ನು ಇಟ್ಟುಕೊಂಡಿದ್ದ ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿ. ಸುಮಾರು ಮೂರು ನಿಮಿಷಗಳ ವಾಣಿಜ್ಯ ತಟ್ಟೆಗಳಲ್ಲಿ ಒಂದೆರಡು ಕೋರಸ್‌ಗೆ ಸೀಮಿತನಾಗಿದ್ದ ವಾದಕನು ಸಾಲುಸಾಲಾಗಿ ಕೋರಸ್‌ಗಳನ್ನು ಬೆಳೆಸುವುದು ಆ ಹವ್ಯಾಸಿ ಮುದ್ರಣದಲ್ಲಿ ಕೇಳಿಸುತ್ತದೆ. ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯಲ್ಲಿದ್ದ ರೂಡಿ ವಾನ್ ಗೆಲ್ಡರ್ 1950ರ ದಶಕದಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಊರಿನ ತನ್ನ ತಂದೆತಾಯಿಯರ ಮನೆಯ ನಡುಕೋಣೆಯಲ್ಲಿ ಬ್ಲೂ ನೋಟ್ ಎಂಬ ಧ್ವನಿಮುದ್ರಣ ಸಂಸ್ಥೆಯ ಹಲವು ತಟ್ಟೆಗಳನ್ನು ಮುದ್ರಿಸಿದನು. ಲೆಸ್ ಪಾಲ್ ತನ್ನ ಮನೆಯ ಗ್ಯಾರೇಜಿನಲ್ಲಿ ಗಿಟಾರ್‌ನ ಪದರಗಳನ್ನು ಒಂದರ ಮೇಲೊಂದು ಹಾಕಿ 1948ರಲ್ಲಿ ‘ಲವರ್’ ಹೊರತಂದು, ಒಬ್ಬನೇ ವಾದಕ ಇಡೀ ತಂಡವಾಗಬಲ್ಲನೆಂದು ಸಾಧಿಸಿ ತೋರಿಸಿದನು. 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೊ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಪದರಗಳನ್ನು ಸಾಧ್ಯವಾಗಿಸಿತು. ಈಗ ಕಂಪ್ಯೂಟರ್ ಮತ್ತು ಅಂಗೈಯಗಲದ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ ಆ ಸೌಲಭ್ಯವನ್ನು ಎಣಿಕೆಯಿಲ್ಲದ ಪದರಗಳಿಗೆ ವಿಸ್ತರಿಸಿವೆ.

ಮನೆಯ ಮುದ್ರಣದಲ್ಲಿ ಮೊದಲು ಕಾರ್ಡ್‌ಗಳ ಹಾಸು ಸಿದ್ಧವಾಗುತ್ತದೆ. ಕೌಂಟ್ ಬೇಸಿಯ ತಂಡದಲ್ಲಿ ದಶಕಗಳ ಕಾಲ ಎಣಿಕೆಗೊಂದರಂತೆ ಕಾರ್ಡ್ ಮೀಟಿದ ಫ್ರೆಡ್ಡಿ ಗ್ರೀನ್‌ನ ಹಾದಿಯಲ್ಲಿ ಗಾಂಧಾರ, ನಿಷಾದಗಳಂಥ ಎರಡು ಮೂರು ಸ್ವರಗಳನ್ನಷ್ಟೇ ಉಳಿಸಿ ಮೀಟಿದರೆ ಮೇಲೆ ಬರುವ ವಾದನಕ್ಕೆ ಜಾಗ ಸಿಗುತ್ತದೆ. ಅನಂತರ ಆಂಪ್ಲಿಫೈಯರ್‌ನ ಮುಂದೆ ಮೈಕ್ ಇಡುವ ಸೂಕ್ಷ್ಮ ಕೆಲಸ: ಸ್ಪೀಕರ್ ಕೋನ್‌ನ ನಟ್ಟನಡುವೆ ಗುರಿಯಿಟ್ಟರೆ ಸ್ವರ ಚುರುಕಾಗಿ ಚುಚ್ಚುತ್ತದೆ, ಅಂಚಿನ ಕಡೆಗೆ ಬೆರಳಗಲ ಸರಿಸಿದಂತೆಲ್ಲ ಮೃದುವಾಗುತ್ತದೆ. ಒಂಟಿ ಸುರುಳಿಯ ಪಿಕಪ್ ಇದ್ದರೆ ಮನೆಯ ವಿದ್ಯುತ್ತೇ ಆಹ್ವಾನವಿಲ್ಲದ ಜೊತೆಗಾರನಾಗುತ್ತದೆ. ಭಾರತದ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಕಾರ ಪಾಶ್ಚಾತ್ಯ ಜಿ ಸ್ವರಕ್ಕೆ ಸಮೀಪವಾದರೆ ಅಮೆರಿಕದ 60 ಹರ್ಟ್ಸ್ ಗುಂಯ್‌ಕಾರ ಬಿ ಸ್ವರದ ಬಳಿ ಬೀಳುವುದರಿಂದ, ಶ್ರುತಿಪೆಟ್ಟಿಗೆಯೂ ದೇಶಕ್ಕೆ ತಕ್ಕಂತೆ ಬದಲಾಗುತ್ತದೆನ್ನಬಹುದು. ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಈ ಗುಂಯ್‌ಕಾರವನ್ನು ರದ್ದುಗೊಳಿಸುವ ಹಂಬಕರ್ ಪಿಕಪ್ ಅನ್ನು ಗಿಬ್ಸನ್ ಸಂಸ್ಥೆಯ ಸೇತ್ ಲವರ್ 1955ರಲ್ಲಿ ರೂಪಿಸಿದನು. ಮೀಟಿದ ಸ್ವರ ಕಂಪ್ಯೂಟರನ್ನು ಸುತ್ತಿ ಹೆಡ್‌ಫೋನ್ ತಲುಪುವ ವಿಳಂಬವೂ ಗಮನಿಸಬೇಕಾದದ್ದು. ಹತ್ತು ಮಿಲಿಸೆಕೆಂಡುಗಳ ವಿಳಂಬವೆಂದರೆ ಆಂಪ್ಲಿಫೈಯರ್‌ನಿಂದ ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಕುಳಿತಷ್ಟು, ಅದಕ್ಕಿಂತ ಹೆಚ್ಚಾದರೆ ಬೆರಳು ಮತ್ತು ಕಿವಿಗಳ ಸ್ನೇಹ ಕೆಡತೊಡಗುತ್ತದೆ.

ಇಷ್ಟೆಲ್ಲ ಸಿದ್ಧತೆಯ ನಂತರ ನುಡಿಸಿದ ಐದಾರು ಕೋರಸ್‌ಗಳನ್ನು ಮರುದಿನ ಕೇಳುವಾಗ ಈ ಹವ್ಯಾಸದ ನಿಜವಾದ ರಸ ಒದಗುತ್ತದೆ. ನುಡಿಸುವ ಹೊತ್ತಿನಲ್ಲಿ ಮನಸ್ಸು ಮುಂದಿನ ಬಾರ್‌ನಲ್ಲಿರುತ್ತದೆ, ಹೀಗಾಗಿ ವಾದಕನಿಗೆ ಕೇಳಿಸುವುದು ಬಹುಮಟ್ಟಿಗೆ ತನ್ನ ಉದ್ದೇಶವೇ; ಮುದ್ರಣಕ್ಕೆ ಉದ್ದೇಶ ತಿಳಿಯದು, ಅದು ಸಂಭವಿಸಿದ್ದನ್ನಷ್ಟೇ ಒಪ್ಪಿಸುತ್ತದೆ. ಉಜ್ವಲವೆಂದು ತೋರಿದ್ದ ವೇಗದ ಸ್ವರಗಳು ಎಣಿಕೆಗಿಂತ ಮುಂದೆ ಓಡಿರುವುದು, ಎಂಟನೆಯ ಬಾರ್ ಬಂದಾಗಲೆಲ್ಲ ಬೆರಳು ಅದೇ ಹಳೆಯ ಜಾಡಿಗೆ ಬಿದ್ದಿರುವುದು, ಉಸಿರಿಗೆಂದು ಬಿಡಬೇಕಿದ್ದ ಜಾಗವನ್ನೆಲ್ಲ ಸ್ವರಗಳು ತುಂಬಿರುವುದು ಆಗ ಬಯಲಾಗುತ್ತವೆ. ಹಾಗೆಯೇ ಬೆರಳು ಜಾರಿ ಬಿದ್ದ ಸ್ವರವೊಂದು ಮುಂದಿನ ಕಾರ್ಡ್‌ನೊಳಗೆ ಸಹಜವಾಗಿ ಸೇರಿ, ಯೋಚಿಸಿ ನುಡಿಸಿದ್ದೆಲ್ಲಕ್ಕಿಂತ ಸೊಗಸಾಗಿ ಒದಗಿರುವುದೂ ಉಂಟು. ಗುರುವಿನ ಎದುರು ಕುಳಿತು ಕಲಿಯುವವನಿಗೆ ಈ ತಿದ್ದುಗೆಯನ್ನು ಮತ್ತೊಬ್ಬರ ಕಿವಿ ಮಾಡಿಕೊಡುತ್ತದೆ. ಮನೆಯ ಅಭ್ಯಾಸಿಯು ಒಂದು ರಾತ್ರಿಯ ಅಂತರವನ್ನು ಇಟ್ಟುಕೊಂಡು ತಾನೇ ಆ ಮತ್ತೊಬ್ಬನಾಗಬೇಕು.

ಇಲ್ಲಿಯೇ ಕಂಪ್ಯೂಟರ್ ಒಡ್ಡುವ ಆಮಿಷವೂ ಇದೆ. ಒಂದು ಕೋರಸ್‌ನ ಮೊದಲ ಸಾಲನ್ನು ಇನ್ನೊಂದರ ಕೊನೆಯ ಸಾಲಿಗೆ ಹೊಲಿದು, ತಡವಾದ ಸ್ವರವನ್ನು ಎಣಿಕೆಗೆ ಎಳೆದು ಕೂಡಿಸಿ, ಎಂದೂ ನುಡಿಸದ ಪರಿಪೂರ್ಣ ವಾದನವನ್ನು ತಯಾರಿಸುವುದು ಈಗ ಕಷ್ಟವಲ್ಲ. ಪದರಗಳನ್ನು ಕಟ್ಟಿದ ಲೆಸ್ ಪಾಲ್‌ನ ಕೈಚಳಕವೂ ಕಲೆಯೇ ಆದ್ದರಿಂದ ಇದನ್ನು ದೋಷವೆಂದು ತಳ್ಳಿಹಾಕುವಂತಿಲ್ಲ. ಆದರೆ ಹೊಲಿಗೆ ಹಾಕಿದ ಮುದ್ರಣ ಕೇಳುಗರಿಗೆ ಸಂತೋಷ ಕೊಡಬಲ್ಲದಾದರೂ, ನುಡಿಸಿದವನಿಗೆ ಅವನ ಐದನೆಯ ಬಾರ್‌ನ ಬಗ್ಗೆ ಏನನ್ನೂ ಕಲಿಸದು. ಎಡವಿದ ಕೋರಸ್‌ಗಳನ್ನು ಅಳಿಸದೆ ಇಟ್ಟುಕೊಂಡವನಿಗೆ ಮಾತ್ರ ತಿಂಗಳುಗಳ ಬಳಿಕ ತನ್ನ ಬೆರಳುಗಳ ಇತಿಹಾಸ ಓದಲು ಸಿಗುತ್ತದೆ. ಎಲ್ಲಿ ಹಿಂದೆ ಎಂಟು ಸ್ವರಗಳಿದ್ದವೋ ಅಲ್ಲಿ ಈಗ ಮೂರಿವೆ, ಎಲ್ಲಿ ಗಾಂಧಾರವು ಕಾರ್ಡ್ ಬದಲಾದ ಮೇಲೆ ಅವಸರದಿಂದ ಇಳಿಯುತ್ತಿತ್ತೋ ಅಲ್ಲಿ ಈಗ ಅದು ಅರ್ಧ ಎಣಿಕೆ ಮುಂಚೆಯೇ ನಿರಾಳವಾಗಿ ಇಳಿಯುತ್ತಿದೆ ಎಂಬ ಅರಿವು ಅವನಿಗೆ ಆಗ ದೊರೆಯುತ್ತದೆ.

ಕ್ರಿಶ್ಚಿಯನ್‌ನ ತಟ್ಟೆಗಳು ಮಾಂಟ್ಗೊಮೆರಿಗೆ ಒದಗಿದಂತೆ ಮನೆಯಲ್ಲಿ ಮುದ್ರಿತವಾದ ಬ್ಲೂಸ್ ಮತ್ತೊಬ್ಬರಿಗೆ ಪಾಠವಾಗುವುದು ಅಪರೂಪ, ಆಗಬೇಕೆಂಬ ಹಟವೂ ಈ ಹವ್ಯಾಸಕ್ಕೆ ಅಗತ್ಯವಿಲ್ಲ. ಅದರ ಏಕೈಕ ವಿದ್ಯಾರ್ಥಿ ಅದನ್ನು ನುಡಿಸಿದವನೇ, ಮತ್ತು ಅವನಿಗೆ ಅದು ಕಲಿಸುವ ವಿದ್ಯೆಯ ಬಹುಭಾಗ ಬಿಡುವುದನ್ನು ಕುರಿತದ್ದು: ಹಾಡುಗಾರರು ಸಾಲಿನ ಉತ್ತರಾರ್ಧವನ್ನು ವಾದ್ಯಕ್ಕೆ ಬಿಟ್ಟುಕೊಟ್ಟಂತೆ, ಒಂದು ಮಾತು ಆಡಿ ಎರಡು ಬಾರ್ ಸುಮ್ಮನಿರುವ ಧೈರ್ಯವು ಸಾಮಾನ್ಯವಾಗಿ ಹೇಳಿಕೊಟ್ಟು ಬರುವಂಥದ್ದಲ್ಲ, ತನ್ನದೇ ಅತಿಮಾತನ್ನು ತಾನೇ ಕೂತು ಕೇಳಿದವನಿಗೆ ಬರುವಂಥದ್ದು.