ಸೈಲೆನ್ಸರ್ ಸಾಕುವುದೆಂದರೆ

ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಒಂದು ಶೂಟಿಂಗ್ ರೇಂಜು. ಫೆಬ್ರವರಿಯ ಬೆಳಗು. ಜಿಂಕೆ ಬೇಟೆಯ ಕಾಲ ಮುಗಿದಿದೆ, ಕಾಡುಹಂದಿಗೆ ಮಾತ್ರ ಇಲ್ಲಿ ವರ್ಷವಿಡೀ ಬಿಡುವಿಲ್ಲ. ತಗಡಿನ ಮಾಡಿನ ಕೆಳಗೆ ಸಾಲು ಕಾಂಕ್ರೀಟ್ ಬೆಂಚುಗಳು. ನೀವು ಗೆರೆಯ ಹಿಂದೆ ನಿಂತಿದ್ದೀರಿ, ಮುಂದೆ ಬರುವ ಹಾಗಿಲ್ಲ. ನಿಮ್ಮಂತೆ ಪ್ರವಾಸಿ ವೀಸಾದಲ್ಲಿ ಬಂದವರು, ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದಿದ್ದರೆ, ಅಮೆರಿಕದ ಕಾನೂನಿನ ಪ್ರಕಾರ ಬಂದೂಕು ಮುಟ್ಟುವಂತಿಲ್ಲ. ನಿಮ್ಮನ್ನು ಕರೆದುಕೊಂಡು ಬಂದವರು ಮಡಿಕೇರಿ ಕಡೆಯವರು, ಈಗ ಇಲ್ಲಿನ ಪೌರರು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವರು. ಊರಲ್ಲಿ ಕೋವಿಗೆ ಲೈಸೆನ್ಸಿನ ಗೋಜಿಲ್ಲ, ಕೊಡವರಿಗೆ ಅದರಿಂದ ವಿನಾಯಿತಿ ಇದೆ. ಆದರೆ ಅವರ ಪೆಟ್ಟಿಗೆಯಲ್ಲಿರುವ ಈ ಕಪ್ಪು ನಳಿಗೆ ಊರಲ್ಲಿ ಯಾರಿಗೂ ಸಿಗುವಂಥದ್ದಲ್ಲ. ಬಂದೂಕಿನ ಸದ್ದು ಕುಗ್ಗಿಸುವ ಇಂಥ ಸಾಧನವನ್ನು ಭಾರತದ ಆಯುಧ ನಿಯಮಗಳು ನಿಷೇಧಿತ ವರ್ಗದಲ್ಲೇ ಇಟ್ಟಿವೆ.

ಮೇಲಿಂದ ನೋಡಿದರೆ ಏನೂ ವಿಶೇಷವಿಲ್ಲ. ಗೇಣುದ್ದ, ಅರ್ಧ ಕಿಲೋದ ಆಸುಪಾಸು ತೂಕ. ಮೈಮೇಲೆ ಕೊರೆದ ಸೀರಿಯಲ್ ನಂಬರು. ಆ ನಂಬರಿಗಾಗಿ ಅವರು ಬೆರಳಚ್ಚು ಕೊಟ್ಟಿದ್ದಾರೆ, ಫೋಟೊ ಕೊಟ್ಟಿದ್ದಾರೆ, ‘ಫಾರ್ಮ್ 4’ ಎಂಬ ಅರ್ಜಿ ತುಂಬಿದ್ದಾರೆ, ತಿಂಗಳುಗಟ್ಟಲೆ ಕಾದಿದ್ದಾರೆ, 200 ಡಾಲರ್ ತೆರಿಗೆ ಕಟ್ಟಿದ್ದಾರೆ. 1934ರ ಕಾನೂನು ಹಾಕಿದ ತೆರಿಗೆ ಅದು. ಅಂದಿನ 200 ಡಾಲರ್ ಎಂದರೆ ಬಡವರು ಕನಸಿನಲ್ಲೂ ಕಾಣದ ದುಡ್ಡು. ತೊಂಬತ್ತು ವರ್ಷ ಕಳೆದರೂ ಮೊತ್ತ ಕದಲಲಿಲ್ಲ. 2026ರ ಜನವರಿ 1ರಿಂದ ಅದು ಸೊನ್ನೆ. ನೋಂದಣಿ ಮಾತ್ರ ತಪ್ಪಿಲ್ಲ.

“ನಾನು ಕಟ್ಟಿದ್ದು ಹೋಯ್ತು ಬಿಡಿ ಮಾರಾಯ್ರೇ” ಎನ್ನುತ್ತಾ ಅವರು ರೈಫಲ್ಲಿನ ಬೋಲ್ಟ್ ಹೊರಗೆಳೆದು ಬೆಂಚಿನ ಮೇಲಿಡುತ್ತಾರೆ. ಗುಂಡು ಕೂರುವ ಕೋಣೆ ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡುತ್ತಾರೆ, ಕಿರುಬೆರಳು ತೂರಿಸಿಯೂ ನೋಡುತ್ತಾರೆ. ಆಮೇಲೆ ಬಂದೂಕಿನ ಬಾಯಿಯ ಥ್ರೆಡ್ಡನ್ನೂ ನಳಿಗೆ ಕೂರುವ ಅಂಚನ್ನೂ ಬಟ್ಟೆಯಿಂದ ಒರೆಸುತ್ತಾರೆ. ಒಂದು ಕಣ ಮಸಿ ಅಂಚಿನಲ್ಲಿ ಕೂತಿದ್ದರೂ ನಳಿಗೆ ವಾರೆಯಾಗಿ ಕೂರುತ್ತದೆ. ವಾರೆಯಾದರೆ ಏನಾಗುತ್ತದೆ ಎಂದು ತಿಳಿಯಲು ಒಳಗೇನಿದೆ ಎಂದು ಗೊತ್ತಿರಬೇಕು. ಒಳಗೆ ಒಂದರ ಹಿಂದೊಂದು ಶಂಕುವಿನಾಕಾರದ ಲೋಹದ ಬಿಲ್ಲೆಗಳು, ನಡುವೆ ತೂತು. ಇವೇ ಬ್ಯಾಫಲ್. ಗುಂಡಿನ ಬೆನ್ನಿಗೆ ಬರುವ ಬಿಸಿ ಅನಿಲ ಪ್ರತಿ ಬಿಲ್ಲೆಯಲ್ಲೂ ಅಡ್ಡದಾರಿ ಹಿಡಿದು, ಸುತ್ತಿ, ತಣಿದು, ನಿಧಾನವಾಗಿ ಹೊರಬೀಳುತ್ತದೆ. ಗುಂಡಿಗೆ ಮಾತ್ರ ನೇರ ದಾರಿ. ಆ ದಾರಿಯಲ್ಲಿ ಗುಂಡಿನ ಸುತ್ತ ಉಳಿಯುವ ಎಡೆ ಒಂದು ಮಿಲಿಮೀಟರಿಗೂ ಕಡಿಮೆ. ನಳಿಗೆ ಚೂರು ಓರೆಯಾದರೂ ಗುಂಡು ಬಿಲ್ಲೆಗೆ ತಾಗುತ್ತದೆ, ಸಾವಿರಾರು ರೂಪಾಯಿಯ ಸಾಮಾನು ಒಡೆದು ಹೋಗುತ್ತದೆ.

ಅದಕ್ಕೇ ಈ ಉಕ್ಕಿನ ಸಲಾಕೆ. ನಳಿಗೆಯನ್ನು ತಿರುವಿ ಕೂರಿಸಿದ ಮೇಲೆ, ಹಿಂದಿನಿಂದ ಬ್ಯಾರೆಲ್ಲಿನೊಳಗೆ ತೂರಿಸಿದ ಸಲಾಕೆ ನಳಿಗೆಯ ಮುಂದಿನ ತೂತಿನಲ್ಲಿ ಇಣುಕುತ್ತದೆ. “ಬನ್ನಿ, ಈಗ ನೋಡಬಹುದು.” ನೀವು ಬಗ್ಗಿ ನೋಡುತ್ತೀರಿ. ಕಪ್ಪು ವೃತ್ತದ ನಡುವೆ ಹೊಳೆಯುವ ಬಿಂದು, ಸುತ್ತಲೂ ಕಪ್ಪು ಅಂಚು ಎಲ್ಲ ಕಡೆ ಸಮ. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಕಂಡರೆ ಆ ದಿನದ ಗುಂಡು ಹೊಡೆಯುವ ಕೆಲಸ ಅಲ್ಲಿಗೇ ಮುಗಿಯಿತು. ಈ ವಸ್ತು ಸೋಮಾರಿಗೆ ಒಗ್ಗುವಂಥದ್ದಲ್ಲ ಎಂದು ನನಗನ್ನಿಸುವುದು ಇಲ್ಲೇ. ಹಣ ಇದ್ದವರು ಕೊಂಡಾರು. ಪ್ರತಿ ಸಲ ಬಗ್ಗಿ ನೋಡುವವರು ಎಷ್ಟು ಜನ?

ಸಲಾಕೆ ಹೊರಬಂತು, ಬೋಲ್ಟ್ ಒಳಗೆ ಹೋಯಿತು. ನಿಮ್ಮ ಕಿವಿಗೆ ಇಯರ್‌ಮಫ್ ಏರಿದೆ. ಸಿನಿಮಾದ ‘ಫುಸ್’ ಸದ್ದಿಗೆ ಕಾದರೆ ನಿರಾಸೆ ಖಂಡಿತ. .308 ರೈಫಲ್ಲಿನ ಸದ್ದು ಬರಿಬಾಯಿಯಲ್ಲಿ 160 ಡೆಸಿಬೆಲ್ ದಾಟುತ್ತದೆ, ಈ ನಳಿಗೆ ಅದರಲ್ಲಿ 25-30ರಷ್ಟು ಕಳೆಯುತ್ತದೆ. 140 ದಾಟಿದರೆ ಒಂದೇ ಏಟಿಗೆ ಕಿವಿ ಕೆಡಬಹುದು. ಅಂದರೆ ಇದು ಸದ್ದನ್ನು ಅಪಾಯದ ಗೆರೆಯ ಆಸುಪಾಸಿಗೆ ತಂದು ನಿಲ್ಲಿಸುತ್ತದೆ, ಅಷ್ಟೇ.

ಢಬ್. ಎದೆಗೆ ಗುದ್ದು ಇಲ್ಲ, ನೆಲದ ಧೂಳು ಏಳಲಿಲ್ಲ. ಆದರೆ ಮೇಲೆ, ಮುಂದೆ, ಗಾಳಿಯನ್ನು ಸೀಳಿದಂತೆ ಚಟೀರೆಂಬ ಸದ್ದು ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಅದು ಗುಂಡಿನದೇ ಸದ್ದು. ಸೆಕೆಂಡಿಗೆ ಸುಮಾರು 800 ಮೀಟರ್ ವೇಗದ ಗುಂಡು 340 ಮೀಟರಿನ ಶಬ್ದವೇಗವನ್ನು ಹಿಂದಿಕ್ಕಿದಾಗ ಹುಟ್ಟುವ ಸದ್ದನ್ನು ಯಾವ ನಳಿಗೆಯೂ ತಡೆಯದು. ಎರಡನೆಯ ಗುಂಡಿನ ಢಬ್ ಮೊದಲಿನದಕ್ಕಿಂತ ಮೆತ್ತಗಿದೆ. ನಳಿಗೆಯೊಳಗಿದ್ದ ಗಾಳಿಯ ಆಮ್ಲಜನಕ ಮೊದಲ ಗುಂಡಿನಲ್ಲೇ ಉರಿದುಹೋಗಿದೆ.

ಗುರಿಹಲಗೆಯಲ್ಲಿ ತೂತುಗಳು ಎಂದಿಗಿಂತ ಎರಡು ಬೆರಳು ಕೆಳಗೆ. ತುದಿಗೆ ಭಾರ ನೇತುಹಾಕಿದರೆ ಬ್ಯಾರೆಲ್ಲಿನ ಕಂಪನವೇ ಬದಲಾಗುತ್ತದೆ. ಹಾಗಾಗಿ ಸ್ಕೋಪನ್ನು ಹೊಸದಾಗಿ ಹೊಂದಿಸಬೇಕು. ಹತ್ತು ಗುಂಡಾದ ಮೇಲೆ ಸ್ಕೋಪಿನಲ್ಲಿ ಗುರಿಯೇ ನೀರಿನೊಳಗಿದ್ದಂತೆ ತೇಲತೊಡಗುತ್ತದೆ. ಕಾದ ನಳಿಗೆಯಿಂದ ಏಳುವ ಝಳ. ಅವರು ನಿಲ್ಲಿಸುತ್ತಾರೆ, ಬೋಲ್ಟ್ ತೆರೆದಿಡುತ್ತಾರೆ, ದಪ್ಪ ಕೈಗವಸು ತೊಟ್ಟು ನಳಿಗೆಯನ್ನು ತಿರುವಿ ನೋಡುತ್ತಾರೆ. ಕಾಲು ಸುತ್ತು ಸಡಿಲಾಗಿದೆ. ಬಿಗಿ ಮಾಡುತ್ತಾರೆ.

ಸಂಜೆ ಅವರ ಗರಾಜು. ರೈಫಲ್ಲಿನಿಂದ ಬಿಚ್ಚಿದ ನಳಿಗೆ ನೆಟ್ಟಗೆ ನಿಂತು ಆರುತ್ತಿದೆ. ಬಿಚ್ಚದೆ ಬಿಟ್ಟರೆ ಒಳಗಿನ ತೇವ ಬಂದೂಕಿನ ಬಾಯಿಗೆ ತುಕ್ಕು ತರುತ್ತದೆ, ಮಸಿ ಥ್ರೆಡ್ಡನ್ನು ಬೆಸುಗೆ ಹಾಕಿದಂತೆ ಹಿಡಿಯುತ್ತದೆ. ದೊಡ್ಡ ರೈಫಲ್ಲಿನದಕ್ಕೆ ಇದಕ್ಕಿಂತ ಹೆಚ್ಚು ಉಪಚಾರ ಅಷ್ಟಾಗಿ ಬೇಡ. ಒತ್ತಡವೇ ಬಹಳಷ್ಟು ಮಸಿಯನ್ನು ಹೊರಗೆ ದಬ್ಬುತ್ತದೆ. ಕಾಟವೆಲ್ಲ ಚಿಕ್ಕ .22 ರೈಫಲ್ಲಿನ ನಳಿಗೆಯದು. ಆ ರೈಫಲ್ಲಿನ ಗುಂಡು ಬಹುಪಾಲು ಬರೀ ಸೀಸ. ಅವರು ಆ ನಳಿಗೆಯ ಮುಚ್ಚಳ ತಿರುವಿ ಬಿಲ್ಲೆಗಳನ್ನು ಒಂದೊಂದಾಗಿ ಹೊರಗೆಳೆದು, ಬಂದ ಕ್ರಮದಲ್ಲೇ ಹಳೇ ಟವೆಲಿನ ಮೇಲೆ ಜೋಡಿಸುತ್ತಾರೆ. ಒಂದೊಂದರ ಮೇಲೂ ಬೂದು ಹೊಪ್ಪಳೆ. ಒಣಗಿದ್ದನ್ನು ಕೆರೆಯುವಂತಿಲ್ಲ, ಸೀಸದ ಧೂಳು ಉಸಿರಿಗೆ ಸೇರುತ್ತದೆ. ಕೈಗೆ ಗವಸು, ಬ್ರಷ್ಷಿಗೆ ದ್ರಾವಣ, ಗರಾಜಿನ ಬಾಗಿಲು ಪೂರ್ತಿ ತೆರೆದು.

“ವಿನೆಗರ್, ಪೆರಾಕ್ಸೈಡ್ ಬೆರೆಸಿ ನೆನೆಹಾಕಿದರೆ ತಾನೇ ಬಿಡುತ್ತದೆ ಅಂತಾರಲ್ಲ?”

“ಬಿಡುತ್ತೆ. ಆ ನೀರಲ್ಲಿ ಲೆಡ್ ಅಸಿಟೇಟ್ ಆಗುತ್ತೆ. ಚರ್ಮದ ಮೂಲಕವೂ ಮೈಗಿಳಿಯುವ ವಿಷ. ಮನೇಲಿ ಮಕ್ಕಳಿದ್ದಾರೆ.”

ಒಂದು ಬಿಲ್ಲೆಯ ತೂತಿನ ಅಂಚು ಸವೆದಿರುವುದು ನಿಮ್ಮ ಕಣ್ಣಿಗೂ ಬೀಳುತ್ತದೆ. ಹೊಸದೊಂದನ್ನು ತರಿಸಿ ಹಾಕಬಾರದೇ ಎಂದು ಕೇಳುತ್ತೀರಿ. ಅವರು ನಗುತ್ತಾರೆ. ಇಲ್ಲಿನ ಕಾನೂನಿನ ಕಣ್ಣಿಗೆ ಬಿಡಿ ಬಿಲ್ಲೆಯೂ ಒಂದು ಪೂರ್ತಿ ಸೈಲೆನ್ಸರೇ. ನೋಂದಣಿ ಇಲ್ಲದೆ ಅದನ್ನು ಮನೆಯಲ್ಲಿಟ್ಟುಕೊಂಡರೆ ಜೈಲು. ಇಡೀ ನಳಿಗೆಯನ್ನು ಪೊಟ್ಟಣ ಕಟ್ಟಿ, ಲೈಸೆನ್ಸ್ ಇರುವ ತಯಾರಕರಿಗೇ ಕಳಿಸಬೇಕು. ಪೊಟ್ಟಣಕ್ಕೆ ರಟ್ಟಿನ ಪೆಟ್ಟಿಗೆ ಹುಡುಕಲು ಅವರು ಆಗಲೇ ಎದ್ದಾಗಿದೆ.