ಅನ್ಯರ ಕಾರ್ಖಾನೆಯ ಚಿಂತೆ

ನಮ್ಮ ನೆರೆಯಲ್ಲಿ ವರ್ತಕರೊಬ್ಬರಿದ್ದಾರೆ. ಬೆಳಗಿನ ಹೊತ್ತು ವೃತ್ತಪತ್ರಿಕೆಯನ್ನು ನೋಡಲು ನಮ್ಮ ಜಗುಲಿಗೆ ಬರುವುದು ಅವರ ವಾಡಿಕೆ. ಸಂಸ್ಕೃತದ ಉಪಾಧ್ಯಾಯನಾಗಿದ್ದವನು ವಾಣಿಜ್ಯದ ಪುಟವನ್ನು ಹರವಿಕೊಂಡು ಕುಳಿತಿರುವುದನ್ನು ಕಂಡು ಅವರು ಒಂದು ದಿನ, “ಸ್ವಾಮಿ, ನೋಕಿಯಾದಲ್ಲಿ ತಮ್ಮ ಷೇರುಗಳೆಷ್ಟು?” ಎಂದು ಕೇಳಿಯೇಬಿಟ್ಟರು. ನಮ್ಮಲ್ಲಿ ಆ ಕಂಪೆನಿಯ ಷೇರು ಒಂದೂ ಇಲ್ಲ. ಇರುವುದು ಒಂದು ದೂರವಾಣಿ. ಅದೂ ನಮ್ಮದಲ್ಲ, ನಮ್ಮ ತಾಯಿಯವರದು. ಇಷ್ಟರ ಬಲದ ಮೇಲೆ ನಾವು ಹತ್ತು ಹನ್ನೆರಡು ವರ್ಷಗಳಿಗೂ ಮಿಕ್ಕಿ ಫಿನ್ಲೆಂಡ್ ದೇಶದ ಒಂದು ಸಂಸ್ಥೆಯ ಯೋಗಕ್ಷೇಮವನ್ನು ಚಿಂತಿಸುತ್ತ ಬಂದಿದ್ದೇವೆಂದರೆ ವಾಚಕರು ನಗಬಹುದು. ನಗಲಿ, ಕಾರಣವನ್ನು ಕೇಳಿಯಾದ ಮೇಲೆ ನಗಲಿ.

೨೦೦೪ನೆಯ ಇಸವಿಯಲ್ಲಿ ನಾವು ಮನೆಗೆ ತಂದದ್ದು ನೋಕಿಯಾ ೧೧೦೦ ಎಂಬ ಮಾದರಿ. ಹಿಂದಿನ ವರ್ಷವಷ್ಟೇ ಅದು ಪೇಟೆಗೆ ಬಂದಿತ್ತು. ಧೂಳು ಒಳಸೇರದಂತೆ ಒಂದೇ ಹೊದಿಕೆಯಾಗಿ ಕೂಡಿಸಿದ ಗುಂಡಿಗಳು, ಬೆವರಿದ ಕೈಯಿಂದ ಜಾರದಂತೆ ಒರಟು ಮಾಡಿದ ಪಕ್ಕಗಳು, ನೆತ್ತಿಯ ಮೇಲೆ ಒಂದು ಪುಟ್ಟ ದೀಪ. ಧೂಳು, ಸೆಕೆ, ಹೇಳದೆ ಹೋಗುವ ವಿದ್ಯುತ್ತು, ಇವುಗಳ ನಡುವೆ ಬಾಳತಕ್ಕ ನಮ್ಮಂಥ ದೇಶದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ರಚಿಸಿದ್ದರು. ಪ್ರಪಂಚದಲ್ಲಿ ಒಟ್ಟು ಸುಮಾರು ೨೫ ಕೋಟಿ ಮಾರಾಟವಾಯಿತಂತೆ. ಆ ಕೋಟಿಗಳಲ್ಲಿ ಒಂದು ನಮ್ಮ ತಾಯಿಯವರ ಸೆರಗಿನ ಗಂಟಿಗೆ ಸೇರಿತು.

೨೦೧೦ರ ಹೊತ್ತಿಗೆ ತಾಯಿಯವರ ದೃಷ್ಟಿ ಮಂದವಾಗುತ್ತ ಬಂದು, ಮೂರು ವರ್ಷಗಳಲ್ಲಿ ಪೂರ್ತಿಯಾಗಿ ಹೋಯಿತು. ಕಣ್ಣಿನೊಳಗಿನ ಒತ್ತಡದಿಂದಾಗುವ ಗ್ಲಾಕೋಮಾ ಎಂಬ ರೋಗ. ಒಮ್ಮೆ ಹೋದ ದೃಷ್ಟಿ ಅದರಲ್ಲಿ ಹಿಂದಿರುಗುವುದಿಲ್ಲ. ಆದರೆ ದೂರವಾಣಿಯ ಐದನೆಯ ಗುಂಡಿಯ ಮೇಲೆ ಸಾಸಿವೆಯಷ್ಟು ಒಂದು ಉಬ್ಬು ಇರುತ್ತದೆ. ಕಣ್ಣುಳ್ಳವರು ಅದನ್ನು ಗಮನಿಸುವುದೇ ಇಲ್ಲ. ತಾಯಿಯವರು ಹೆಬ್ಬೆರಳಿನಿಂದ ಅದನ್ನು ಹುಡುಕಿ, ಅಲ್ಲಿಂದ ಮೇಲಕ್ಕೆ ಒಂದು ಮನೆ ಸರಿದು, ಎರಡನೆಯ ಗುಂಡಿಯನ್ನು ಒತ್ತಿ ಹಿಡಿದರೆ ನಮಗೆ ಕರೆ ಬರುತ್ತಿತ್ತು. ಮೂರು ಧಾರವಾಡದಲ್ಲಿರುವ ನಮ್ಮ ತಂಗಿ, ನಾಲ್ಕು ವೈದ್ಯರು, ಆರು ಹಾಲಿನವನು. ಹಾಲು ನೀರಾದ ದಿವಸ ಆರನೆಯ ಗುಂಡಿಗೆ ವಿರಾಮವಿರುತ್ತಿರಲಿಲ್ಲ. ಊಟಕ್ಕೆ, ಸ್ನಾನಕ್ಕೆ, ಔಷಧಕ್ಕೆ ಎಲ್ಲಕ್ಕೂ ಇನ್ನೊಬ್ಬರ ಕೈಯನ್ನು ಕಾಯಬೇಕಾಗಿದ್ದ ಆಕೆಗೆ ಸ್ವತಂತ್ರವಾಗಿ ಮಾಡತಕ್ಕ ಕಾರ್ಯಗಳು ಎರಡೇ ಉಳಿದಿದ್ದವು: ಒಂದು ಜಪ, ಇನ್ನೊಂದು ಇದು.

ನಮ್ಮ ಮಗನು ಬೆಂಗಳೂರಿನಿಂದ ಬಂದಾಗ ಅಜ್ಜಿಗೆಂದು ಗಾಜಿನ ಫಲಕದ ಹೊಸ ದೂರವಾಣಿಯನ್ನು ತಂದುಕೊಟ್ಟನು. ಬೆರಳಿಟ್ಟಲ್ಲೆಲ್ಲ ಅದು ಬಾಯಿಬಿಟ್ಟು ಹೆಸರು ಹೇಳುತ್ತದೆ. ಎಷ್ಟೋ ಮಂದಿ ಅಂಧರು ಅದರಿಂದಲೇ ಉದ್ಯೋಗ ಮಾಡುತ್ತಿರುವುದು ನಿಜ; ನಾವು ಅದನ್ನು ಹಳಿಯುವವರಲ್ಲ. ತಾಯಿಯವರು ಎಂಟು ದಿನ ಪ್ರಯತ್ನಿಸಿ, “ಇದು ನನ್ನ ಮಾತನ್ನು ಕೇಳುವುದಕ್ಕಿಂತ ತಾನೇ ಹೆಚ್ಚು ಮಾತಾಡುತ್ತದೆ” ಎಂದು ಹಿಂದಕ್ಕೆ ಕೊಟ್ಟರು.

ಹೀಗಿರಲಾಗಿ, ಆ ಗುಂಡಿಗಳನ್ನು ಮಾಡುವವರು ಬಾಳಬೇಕೆಂಬುದು ನಮ್ಮ ಮನೆಯ ಪ್ರಾರ್ಥನೆಗಳಲ್ಲಿ ಒಂದಾಯಿತು. ಸಂಸ್ಥೆಯ ಪೂರ್ವವೃತ್ತಾಂತವನ್ನು ವಿಚಾರಿಸಿದೆವು. ೧೮೬೫ರಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಗಣಿಯ ಎಂಜಿನಿಯರು ಕಾಗದಕ್ಕೆ ಬೇಕಾದ ಮರದ ತಿರುಳಿನ ಗಿರಣಿಯೊಂದನ್ನು ತಾಂಪೆರೆ ಪಟ್ಟಣದ ಜಲಪಾತದ ಬಳಿ ಸ್ಥಾಪಿಸಿದನು. ಸಮೀಪದ ನೋಕಿಯಾ ಎಂಬ ಊರಿನಲ್ಲಿ ಎರಡನೆಯ ಗಿರಣಿ ಎದ್ದಿತು. ಮುಂದೆ ೧೯೬೭ರಲ್ಲಿ ರಬ್ಬರಿನ ಕಾರ್ಖಾನೆ, ತಂತಿಯ ಕಾರ್ಖಾನೆಗಳು ಇದರೊಡನೆ ಕೂಡಿದವು. ಮರದ ತಿರುಳು, ರಬ್ಬರಿನ ಪಾದರಕ್ಷೆ, ತಂತಿ, ಕೊನೆಗೆ ತಂತಿಯೇ ಇಲ್ಲದ ಮಾತು! ಇಷ್ಟು ಅವತಾರಗಳನ್ನು ಎತ್ತಿದವರು ಇನ್ನೊಂದನ್ನು ಎತ್ತಲಾರರೇ ಎಂದು ಸಮಾಧಾನ ಪಟ್ಟುಕೊಂಡೆವು. ನಂಬುವುದಕ್ಕೆ ಇನ್ನೊಂದು ಕಾರಣವೂ ಇತ್ತು. ೨೦೦೭ರ ಆಗಸ್ಟಿನಲ್ಲಿ, ಬಿಎಲ್-೫ಸಿ ಎಂಬ ಬ್ಯಾಟರಿಗಳಲ್ಲಿ ಕೆಲವು ಅತಿಯಾಗಿ ಕಾಯುತ್ತವೆಂದು ಕಂಡುಬಂದಾಗ, ಜಪಾನಿನ ಇನ್ನೊಂದು ಕಂಪೆನಿಯಲ್ಲಿ ತಯಾರಾಗಿದ್ದ ೪ ಕೋಟಿ ೬೦ ಲಕ್ಷ ಬ್ಯಾಟರಿಗಳ ವಿಷಯದಲ್ಲಿ ನೋಕಿಯಾದವರು ತಾವೇ ಎಚ್ಚರಿಕೆ ಕೊಟ್ಟು, ಬೇಕಾದವರಿಗೆ ಪುಕ್ಕಟೆಯಾಗಿ ಬದಲಾಯಿಸಿಕೊಡುತ್ತೇವೆಂದು ಸಾರಿದರು. ನಾವೂ ನಮ್ಮ ಬ್ಯಾಟರಿಯನ್ನು ಬಿಚ್ಚಿ ಅದರ ಬೆನ್ನ ಮೇಲಿನ ಸಂಖ್ಯೆಯನ್ನು ಕನ್ನಡಕವಿಟ್ಟು ಓದಿದೆವು. ಅದು ಆ ಗುಂಪಿಗೆ ಸೇರಿರಲಿಲ್ಲ. ಆದರೂ ತಪ್ಪನ್ನು ಮುಚ್ಚಿಡದವರೆಂಬ ಗೌರವವು ಅಂದಿನಿಂದ ಬೇರೂರಿತು.

ಆ ಕಾಲದಲ್ಲಿ ಪ್ರಪಂಚದಲ್ಲಿ ಮಾರಾಟವಾಗುತ್ತಿದ್ದ ಕೈದೂರವಾಣಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಅವರವೇ. ಅದೇ ೨೦೦೭ರಲ್ಲಿ ಐಫೋನ್ ಬಂದಿತು, ಮರುವರ್ಷ ಆಂಡ್ರಾಯ್ಡ್. ನಾಲ್ಕೇ ವರ್ಷಗಳಲ್ಲಿ, ೨೦೧೧ರ ಫೆಬ್ರವರಿಯಲ್ಲಿ, ಸಂಸ್ಥೆಯ ಮುಖ್ಯಾಧಿಕಾರಿ ಸ್ಟೀಫನ್ ಎಲಾಪ್ ಅವರು ತಮ್ಮ ನೌಕರರಿಗೆ ಓಲೆ ಬರೆದು, ಕಡಲ ನಡುವೆ ಬೆಂಕಿ ಹೊತ್ತಿದ ಅಟ್ಟದ ಮೇಲೆ ನಿಂತ ಮನುಷ್ಯನಿಗೆ ತಮ್ಮ ಸ್ಥಿತಿಯನ್ನು ಹೋಲಿಸಿದರು. ಒಡೆಯನೇ ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿದ ಮೇಲೆ ಗಿರಾಕಿಯು ನೆಮ್ಮದಿಯಿಂದ ಇರುವುದು ಹೇಗೆ? ೨೦೧೩ರ ಸೆಪ್ಟೆಂಬರಿನಲ್ಲಿ ದೂರವಾಣಿಯ ವಿಭಾಗವನ್ನು ಮೈಕ್ರೋಸಾಫ್ಟಿಗೆ ೫೪೪ ಕೋಟಿ ಯೂರೋಗಳಿಗೆ ಮಾರುವುದೆಂದು ನಿಶ್ಚಯವಾಯಿತು.

ನಮಗೆ ಹೆಚ್ಚು ತಟ್ಟಿದ್ದು ಹತ್ತಿರದ ಸುದ್ದಿ. ಚೆನ್ನೈಯ ಬಳಿ, ರಾಮಾನುಜಾಚಾರ್ಯರ ಜನ್ಮಸ್ಥಳವಾದ ಶ್ರೀಪೆರುಂಬುದೂರಿನಲ್ಲಿ, ೨೦೦೬ರಿಂದ ನೋಕಿಯಾದ ದೊಡ್ಡ ಕಾರ್ಖಾನೆಯಿತ್ತು. ಒಂದು ಕಾಲಕ್ಕೆ ಅಲ್ಲಿ ಸುಮಾರು ೮,೦೦೦ ಮಂದಿ ದುಡಿಯುತ್ತಿದ್ದರು, ಬಹುಮಂದಿ ಹೆಣ್ಣುಮಕ್ಕಳು. ತೆರಿಗೆಯ ವ್ಯಾಜ್ಯವು ಅಡ್ಡ ಬಂದುದರಿಂದ ಆ ಕಾರ್ಖಾನೆ ಮೈಕ್ರೋಸಾಫ್ಟಿಗೆ ಸೇರದೆ ಹೋಗಿ, ೨೦೧೪ರ ನವೆಂಬರು ೧ರಂದು ನಿಂತುಹೋಯಿತು. ಪತ್ರಿಕೆಯಲ್ಲಿ ಅದನ್ನು ಓದಿ ಹೇಳಿದಾಗ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, “ಆ ಮಕ್ಕಳು ಊರಿಗೆ ಹಿಂದಿರುಗಿದರೋ?” ಎಂದು ಕೇಳಿದರು. ನಾವು ಗುಂಡಿಗಳ ಚಿಂತೆಯಲ್ಲಿದ್ದೆವು. ಆಕೆ ಗುಂಡಿಗಳನ್ನು ಜೋಡಿಸಿದ ಬೆರಳುಗಳ ಚಿಂತೆಯಲ್ಲಿದ್ದರು. ನಮಗೆ ಸ್ವಲ್ಪ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಮಾರಿದವರು ಮುಳುಗಿದರೇ ಎಂದರೆ, ಇಲ್ಲ. ಮುಳುಗಿದ್ದು ಕೊಂಡವರ ಹಣ; ೨೦೧೫ರಲ್ಲಿ ಮೈಕ್ರೋಸಾಫ್ಟಿನವರು ಸುಮಾರು ೭೬೦ ಕೋಟಿ ಡಾಲರುಗಳನ್ನು ನಷ್ಟಕ್ಕೆ ಬರೆದುಕೊಂಡರು. ನೋಕಿಯಾವಾದರೋ ಆಲ್ಕಾಟೆಲ್-ಲೂಸೆಂಟ್ ಎಂಬ ದೊಡ್ಡ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡು, ಕರೆಗಳನ್ನು ಸಾಗಿಸುವ ಜಾಲದ ಯಂತ್ರಗಳನ್ನು ಮಾಡುತ್ತ ಬಾಳಿಕೊಂಡಿತು. ನಮ್ಮ ನೆರೆಯ ವರ್ತಕರು, “ನೋಡಿದಿರಾ, ನಿಮ್ಮ ಕಂಪೆನಿ ಬದುಕಿತು” ಎಂದು ಅಭಿನಂದಿಸಿದರು. ಷೇರು ಹಿಡಿದವನ ಲೆಕ್ಕದಲ್ಲಿ ಅದು ಸರಿ. ಗಿರಾಕಿಯ ಲೆಕ್ಕ ಬೇರೆ. ನಮಗೆ ಬೇಕಾಗಿದ್ದುದನ್ನು ಕಳಚಿಹಾಕಿದ್ದರಿಂದಲೇ ಅದು ಬದುಕಿತಲ್ಲ!

೨೦೧೬ರಲ್ಲಿ ಗುಂಡಿಯ ದೂರವಾಣಿಗಳನ್ನು ಮೈಕ್ರೋಸಾಫ್ಟಿನವರೂ ಮಾರಿಬಿಟ್ಟರು. ಎಚ್‌ಎಂಡಿ ಎಂಬ ಹೊಸ ಫಿನ್ಲೆಂಡಿನ ಸಂಸ್ಥೆಯು ನೋಕಿಯಾ ಎಂಬ ಹೆಸರನ್ನು ಹತ್ತು ವರ್ಷಗಳ ಕರಾರಿನ ಮೇಲೆ ಪಡೆಯಿತು. ಇಲ್ಲಿ ನಮಗೆ ಪಾಣಿನಿಯ ನೆನಪಾದುದು ಕಸುಬಿನ ದೋಷವಿರಬೇಕು. ವ್ಯಾಕರಣದಲ್ಲಿ ಒಂದನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ, ಹೋದದ್ದು ಸ್ಥಾನಿ, ಬಂದದ್ದು ಆದೇಶ. ಬಂದದ್ದನ್ನು ಹೋದದ್ದೆಂದೇ ಭಾವಿಸಿ ಅದರ ಅಧಿಕಾರವನ್ನೆಲ್ಲ ಕೊಡಬಹುದೆಂದು ಸೂತ್ರಕಾರನ ಅಪ್ಪಣೆ. ಆದರೆ ಕಾರ್ಯವು ಹೋದ ವರ್ಣವನ್ನೇ ನೆಚ್ಚಿಕೊಂಡಿದ್ದರೆ ಈ ರಿಯಾಯಿತಿಯಿಲ್ಲ. ಹೆಸರನ್ನು ನೋಡಿ ಕೊಳ್ಳುವ ನಮಗೆ ಎಚ್‌ಎಂಡಿಯು ನೋಕಿಯಾವೇ ಆದೀತು. ತಾಯಿಯವರ ಹೆಬ್ಬೆರಳು ಹೆಸರನ್ನು ಓದುವುದಿಲ್ಲ.

ಈಚಿನ ಸಮಾಚಾರವೂ ನೆಮ್ಮದಿಯದಲ್ಲ. ೨೦೨೪ರಲ್ಲಿ ಎಚ್‌ಎಂಡಿ ತನ್ನ ಸ್ವಂತ ಹೆಸರಿನಲ್ಲಿಯೂ ದೂರವಾಣಿಗಳನ್ನು ಮಾರತೊಡಗಿತು. ೨೦೨೫ರ ಜುಲೈಯಲ್ಲಿ ಅಮೆರಿಕದ ವ್ಯವಹಾರವನ್ನು ಕುಗ್ಗಿಸುವುದಾಗಿ ತಿಳಿಸಿತು. ಯಂತ್ರವು ಉಳಿದರೂ ಅದು ನಂಬಿರುವುದು ಎರಡನೆಯ ತಲೆಮಾರಿನ ಹಳೆಯ ಜಾಲವನ್ನು. ೨೦೧೬ರಲ್ಲಿ ಹೊರಟ ಜಿಯೋ ಆ ಜಾಲವನ್ನು ಇಟ್ಟುಕೊಳ್ಳಲೇ ಇಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕೊಂಡ ಬದಲಿ ಬ್ಯಾಟರಿ ಮೂರು ತಿಂಗಳಿಗೆ ಹೂರಣದ ಕಡುಬಿನಂತೆ ಊದಿಕೊಂಡಿತು, ಅದು ನಕಲಿ.

ಕೊನೆಗೆ ಈ ವರ್ಷ ಯುಗಾದಿಯ ಮುನ್ನ, ಹೊಸ ಜಾಲದಲ್ಲಿಯೂ ನಡೆಯತಕ್ಕ ಗುಂಡಿಯ ದೂರವಾಣಿಗಳನ್ನು ಎರಡು ಕೊಂಡುತಂದೆವು. ಒಂದು ಬಳಕೆಗೆ, ಒಂದು ಆಪದ್ಧನ. ತಾಯಿಯವರು ಕೈಗೆ ತೆಗೆದುಕೊಂಡು ಬಹಳ ಹೊತ್ತು ಸವರಿ, “ಉಬ್ಬು ಇದೆ. ಮನೆಗಳು ಬೇರೆ” ಎಂದರು. ಹಳೆಯದನ್ನು ಮಾತ್ರ ದಿಂಬಿನ ಪಕ್ಕದಿಂದ ತೆಗೆಯಗೊಡಲಿಲ್ಲ. ಒಂದು ವಾರ ಹೊಸದು ಹಾಗೆಯೇ ಇತ್ತು. ಎಂಟನೆಯ ದಿನ ಮಧ್ಯಾಹ್ನ ನಾವು ಜಗುಲಿಯಲ್ಲಿ ತೂಕಡಿಸುತ್ತಿದ್ದಾಗ ಕರೆ ಬಂದಿತು. ಎತ್ತಿಕೊಂಡು ಯಾರೆಂದು ಕೇಳಿದೆವು.

“ನಾನೇ ಕಣೋ, ನಡುಮನೆಯಿಂದ. ಹತ್ತುತ್ತದೋ ಇಲ್ಲವೋ ನೋಡಿದೆ” ಎಂದರು ತಾಯಿಯವರು.